ವರ್ಕ್‌ಶಾಪ್ ಗೋಡೆಗೆ ಶೀಟು ಹೊಡೆಸುವ ಮೊದಲು ಅದರ ಬೆನ್ನಿನ ಕಡೆ ನೋಡಿ

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಸಾಗರ ಪಟ್ಟಣದ ಹತ್ತಿರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಅರ್ಧ ಜಾಗವನ್ನು ಮರಗೆಲಸಕ್ಕೆ ಅಂತ ಬಿಟ್ಟುಕೊಂಡೆ. ಗೋಡೆಗೆ ಉಳಿ, ಗರಗಸ ಎಲ್ಲ ತೂಗುಹಾಕಬೇಕು, ನೋಡುವುದಕ್ಕೂ ಚೆನ್ನಾಗಿರಬೇಕು ಅನ್ನಿಸಿತು. 12 ಎಂಎಂ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಶೀಟು ತಂದು ನೇರವಾಗಿ ಗಾರೆ ಗೋಡೆಗೇ ಒತ್ತಿ ಸ್ಕ್ರೂ ಹೊಡೆಸಿದೆ. ಮುಂಭಾಗಕ್ಕೆ ಪುಟ್ಟಿ, ಪ್ರೈಮರ್, ಮೂರು ಕೋಟು ಬಣ್ಣ. ಅದು ಮಾರ್ಚ್ ತಿಂಗಳು. ಆರಿದ್ರಾ ಮಳೆಯಲ್ಲಿ ಕೆಳಗಿನ ಅಂಚು ಸ್ವಲ್ಪ ಊದಿದ ಹಾಗೆ ಕಂಡಿತು. ಪುಷ್ಯ ಮಳೆ ಹೊತ್ತಿಗೆ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಬಿಚ್ಚಿ ನೋಡಿದರೆ ಹಿಂಭಾಗದ ತುಂಬ ಕಪ್ಪು ಬೂಸ್ಟು, ಒಂದು ಮೂಲೆಯಲ್ಲಿ ನೆಲದಿಂದ ಎದೆಮಟ್ಟದವರೆಗೆ ಒರಲೆ (ಗೆದ್ದಲು) ಕಟ್ಟಿದ ಮಣ್ಣಿನ ದಾರಿ. ಮುಂದೆ ಅಷ್ಟೆಲ್ಲ ಬಣ್ಣ ಕುಡಿಸಿದ್ದ ಶೀಟಿನ ಬೆನ್ನಿಗೆ ಒಂದು ಹನಿ ಬಣ್ಣವೂ ಬಿದ್ದಿರಲಿಲ್ಲ.

ಅವತ್ತಿನಿಂದ ನಾನು ಗಟ್ಟಿಯಾಗಿ ನಂಬಿರುವುದು ಒಂದೇ. ಗೋಡೆ ಶೀಟಿನ ಆಯಸ್ಸು ನಿರ್ಧಾರವಾಗುವುದು ನಮಗೆ ಕಾಣುವ ಮುಖದಲ್ಲಿ ಅಲ್ಲ, ಅದರ ಬೆನ್ನಲ್ಲಿ ಮತ್ತು ನಾಲ್ಕು ಅಂಚಿನಲ್ಲಿ. ಯಾವ ಶೀಟು, ಯಾವ ಬಣ್ಣ ಅನ್ನುವ ಪ್ರಶ್ನೆಗಳೆಲ್ಲ ಆಮೇಲೆ ಬರುತ್ತವೆ.

ಈ ವಿಷಯದಲ್ಲಿ ನಾವು ನೋಡುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿನ ಗ್ಯಾರೇಜಿನ ಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟು, 16 ಇಂಚಿಗೊಂದು ಮರದ ಕಂಬ ನಿಂತಿರುತ್ತದೆ, ಒಳಗೆ ಟೊಳ್ಳು. ಅವರು ಶೀಟನ್ನು ಎತ್ತಿ ಹಿಡಿದು ನೇರ ಆ ಕಂಬಕ್ಕೆ ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು. ನಮ್ಮದು ಇಟ್ಟಿಗೆ, ಸಿಮೆಂಟ್ ಬ್ಲಾಕು, ಕರಾವಳಿಯಲ್ಲಾದರೆ ಕೆಂಪುಕಲ್ಲು. ಈ ಗೋಡೆಗಳು ನೀರು ಕುಡಿಯುತ್ತವೆ. ಸಣ್ಣ ಸಣ್ಣ ರಂಧ್ರಗಳ ಮೂಲಕ ನೆಲದ ತೇವ ಮೇಲಕ್ಕೆ ಏರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ. ಹೊರಗಿನಿಂದ ಮಳೆ ಹೊಡೆದರೆ ಅಡ್ಡಡ್ಡವಾಗಿಯೂ ಒಳಗೆ ಬರುತ್ತದೆ. ಬರಿ ಗೋಡೆ ಆದರೆ ಆ ತೇವ ಗಾಳಿಗೆ ಆರಿಹೋಗುತ್ತದೆ. ಅದಕ್ಕೆ ಒಂದು ಶೀಟು ಅಂಟಿಸಿಬಿಟ್ಟರೆ ಆರುವ ದಾರಿ ಮುಚ್ಚಿತು, ನೀರೆಲ್ಲ ಶೀಟಿನ ಬೆನ್ನಿಗೆ.

ಹಾಗಾಗಿ ಮೊದಲ ಕೆಲಸ ಗೋಡೆಯನ್ನು ಪರೀಕ್ಷಿಸುವುದು. ಇದಕ್ಕೆ ಖರ್ಚೇ ಇಲ್ಲ. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು, ಗೋಡೆಯ ಕೆಳಭಾಗದಲ್ಲಿ ನಾಲ್ಕೂ ಕಡೆ ಗಾಳಿಯಾಡದ ಹಾಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಆಮೇಲೆ ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ. ಇದನ್ನು ಮಳೆಗಾಲದಲ್ಲೇ ಮಾಡಬೇಕು, ಏಪ್ರಿಲ್ ತಿಂಗಳಲ್ಲಿ ಮಾಡಿದರೆ ಎಲ್ಲ ಗೋಡೆಯೂ ಪಾಸಾಗುತ್ತದೆ. ಗಾರೆಯ ಮೇಲೆ ಬಿಳಿ ಪುಡಿಯ ಹಾಗೆ ಉಪ್ಪು ಅರಳಿದ್ದರೆ ಪರೀಕ್ಷೆಯೂ ಬೇಕಿಲ್ಲ, ಅಲ್ಲಿ ನೀರು ಓಡಾಡುತ್ತಿದೆ ಅಂತಲೇ ಅರ್ಥ.

ಗೋಡೆ ಒದ್ದೆ ಅಂತ ಗೊತ್ತಾದರೆ ಒಳಗಿನಿಂದ ಮಾತ್ರ ವಾಟರ್‌ಪ್ರೂಫ್ ಬಣ್ಣ ಬಳಿದು ಸುಮ್ಮನಾಗಬೇಡಿ. ನೀರಿಗೆ ಇಲ್ಲಿ ದಾರಿ ಮುಚ್ಚಿದರೆ ಇನ್ನೂ ಎತ್ತರಕ್ಕೆ ಹೋಗಿ ಅಲ್ಲಿ ಹೊರಬರುತ್ತದೆ. ಹೊರಗೆ ಹೋಗಿ ನೋಡಿ. ಮಾಡಿನ (ಛಾವಣಿಯ) ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯಾ, ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯಾ, ಗಾರೆ ಬಿರುಕು ಬಿಟ್ಟಿದೆಯಾ? ನಮ್ಮ ಮನೆಯಲ್ಲಿ ಮಾಡಿನ ನೀರಿಗೆ ಒಂದು ದೋಣಿ ಪೈಪು ಹಾಕಿ, ಗೋಡೆಯ ಬುಡದಿಂದ ಮಣ್ಣು ತೆಗೆದಿದ್ದಕ್ಕೇ ಮುಕ್ಕಾಲು ಸಮಸ್ಯೆ ಹೋಯಿತು.

ಆಮೇಲೆ ಗೋಡೆಗೂ ಶೀಟಿಗೂ ನಡುವೆ ಗಾಳಿಗೆ ಜಾಗ ಬಿಡಬೇಕು. ಅದಕ್ಕೆ ರೀಪು ಬೇಕು. 2 ಇಂಚು ಅಗಲ, 1 ಇಂಚು ದಪ್ಪದ ಮರದ ಪಟ್ಟಿ ಸಾಕು, ಅಲ್ಯೂಮಿನಿಯಂ ಸೆಕ್ಷನ್ ಆದರೂ ಆದೀತು. ರೀಪನ್ನು ನೆಟ್ಟಗೆ, ಮೇಲಿಂದ ಕೆಳಗೆ ಹೊಡೆಯಿರಿ. ಅಡ್ಡ ಹೊಡೆದರೆ ಗಾಳಿ ಮೇಲೆ ಹೋಗುವ ದಾರಿಗೆ ಪ್ರತಿ ರೀಪೂ ಒಂದೊಂದು ತಡೆ. ಎಷ್ಟು ದೂರಕ್ಕೊಂದು? ಶೀಟಿನ ಅಗಲ 4 ಅಡಿ, ಅಂದರೆ 48 ಇಂಚು. 16 ಇಂಚಿಗೊಂದು ಇಟ್ಟರೆ ಮೂರು ಭಾಗಕ್ಕೆ ಸರಿಯಾಗಿ ಬರುತ್ತದೆ, ಎರಡು ಶೀಟು ಸೇರುವ ಕಡೆ ಒಂದೇ ರೀಪಿನ ಮೇಲೆ ಎರಡರ ಅಂಚೂ ಕೂರುತ್ತದೆ. 12 ಎಂಎಂ ಶೀಟಿಗೆ ಭಾರ ಕಡಿಮೆ ಇದ್ದರೆ 24 ಇಂಚೂ ನಡೆಯುತ್ತದೆ. ಆದರೆ ವರ್ಕ್‌ಶಾಪ್ ಗೋಡೆಗೆ ಭಾರ ಕಡಿಮೆ ಇರುವುದು ಮೊದಲ ವರ್ಷ ಮಾತ್ರ ಅಲ್ವಾ.

ಒಂದು ಲೆಕ್ಕ ಹೇಳುತ್ತೇನೆ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಇದೆ ಅಂದುಕೊಳ್ಳಿ. 8×4 ಅಡಿಯ ಮೂರು ಶೀಟನ್ನು ಕತ್ತರಿಸದೆ ನೆಟ್ಟಗೆ ನಿಲ್ಲಿಸಿದರೆ ಉದ್ದ ಮುಗಿಯಿತು. ಶೀಟನ್ನು ನೆಲದಿಂದ 6 ಇಂಚು ಮೇಲಕ್ಕೆ ಎತ್ತಿ ಕೂರಿಸಿ. ಮೇಲ್ಗಡೆ ಒಂದೂವರೆ ಅಡಿ ಬರಿ ಗೋಡೆ ಉಳಿಯುತ್ತದೆ, ಅದಕ್ಕೆ ಬಣ್ಣ ಹೊಡೆದರೆ ಸಾಕು. ರೀಪು ಒಟ್ಟು 10. ಒಂದೊಂದಕ್ಕೆ 2 ಅಡಿಗೊಂದರಂತೆ 5 ಸ್ಕ್ರೂ, ಅವು ಗೋಡೆಯಲ್ಲಿ ಹಿಡಿಯುವುದಕ್ಕೆ ಒಟ್ಟು 50 ಪ್ಲಗ್. ಗಾಳಿ ಕೆಳಗಿನಿಂದ ಹೊಕ್ಕು ಮೇಲಿನಿಂದ ಹೋಗುತ್ತದೆ, ಒಂದು ಚೂರು ಶೀಟೂ ದಂಡವಾಗುವುದಿಲ್ಲ.

ಆ ಕೆಳಗಿನ 6 ಇಂಚಿನ ಬಗ್ಗೆ ತುಂಬ ಜನ ತಕರಾರು ತೆಗೆಯುತ್ತಾರೆ, ನೋಡಲು ಅರ್ಧಂಬರ್ಧ ಕಾಣುತ್ತದೆ ಅಂತ. ದಯವಿಟ್ಟು ಬಿಡಿ. ನೆಲ ತೊಳೆದ ನೀರು ಶೀಟಿನ ಅಂಚಿಗೆ ತಾಗುವುದಿಲ್ಲ. ಅದಕ್ಕಿಂತ ಮುಖ್ಯ, ಒರಲೆ ಅಥವಾ ಗೆದ್ದಲು ನೆಲದಿಂದ ಬರುವಾಗ ಬೆಳಕಿಗೆ ಒಡ್ಡಿಕೊಳ್ಳದೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಬರುತ್ತದೆ. ಕೆಳಗೆ ಬರಿ ಗೋಡೆ ಇದ್ದರೆ ಆ ಕೊಳವೆ ಕಣ್ಣಿಗೆ ಬೀಳುತ್ತದೆ, ಅವತ್ತೇ ಕೆರೆದು ಔಷಧಿ ಹಾಕಬಹುದು. ಶೀಟು ನೆಲಕ್ಕೆ ತಾಗಿದ್ದರೆ ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ರೀಪನ್ನೂ ನೆಲದಿಂದ ಅಷ್ಟೇ ಮೇಲೆ ನಿಲ್ಲಿಸಿ.

ರೀಪು ಹಿಡಿದು ನಿಲ್ಲುವುದು ಪ್ಲಗ್ಗಿನ ಮೇಲೆ. ನಾವು ರಾವಲ್ ಪ್ಲಗ್ ಅನ್ನುವ ಹೆಸರು ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಅವರಿಂದ ಬಂದದ್ದು. ಬ್ರಿಟಿಷ್ ಮ್ಯೂಸಿಯಂನ ಗೋಡೆ ಹಾಳಾಗದ ಹಾಗೆ ವಿದ್ಯುತ್ ಸಾಮಾನು ಕೂರಿಸುವುದಕ್ಕೆ ಅವರು ಇದನ್ನು ಕಂಡುಹಿಡಿದರು, ಆಗ ಅದು ಸೆಣಬಿನ ನಾರಿನದು. ಈಗ ನೈಲಾನ್ ಪ್ಲಗ್ಗೇ ತೆಗೆದುಕೊಳ್ಳಿ. ಇಟ್ಟಿಗೆ ಗೋಡೆಗೆ 8 ಎಂಎಂ ಪ್ಲಗ್ ಸಾಕು, ಆದರೆ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಎರಡು ಇಂಚಾದರೂ ಹೋಗಬೇಕು. ಗಾರೆಯಲ್ಲಿ ಮಾತ್ರ ಕೂತ ಪ್ಲಗ್ ಭಾರ ಬಿದ್ದ ದಿನ ಗಾರೆಯ ಸಮೇತ ಬರುತ್ತದೆ. ಟೊಳ್ಳು ಬ್ಲಾಕಿಗೆ ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ, ಒಳಗೆ ಹೋಗಿ ಅರಳಿಕೊಳ್ಳುವ ಜಾತಿಯದು ಬೇಕು. ಗಾಳಿಗುಳ್ಳೆ ತುಂಬಿದ ಹಗುರದ ಎಎಸಿ ಬ್ಲಾಕಿಗೆ ಅದರದೇ ದೊಡ್ಡ ಎಳೆಯ ಪ್ಲಗ್ ಸಿಗುತ್ತದೆ, ಅದಕ್ಕೆ ಡ್ರಿಲ್ಲಿನ ಹ್ಯಾಮರ್ ಮೋಡ್ ಹಾಕದೆ ಸುಮ್ನೆ ತಿರುಗಿಸಿ ತೂತು ಮಾಡಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಹಿಡಿಯಲೇಬೇಡಿ, ವೈರಿನ ಪೈಪು ಹೆಚ್ಚಾಗಿ ಅಲ್ಲೇ ಇಳಿದಿರುತ್ತದೆ.

ಇನ್ನು ಯಾವ ಶೀಟು? ನನ್ನ ಉತ್ತರ ಪ್ಲೈವುಡ್, 12 ಎಂಎಂ. ಕಾರಣ ಹೇಳುತ್ತೇನೆ.

ಪ್ಲೈವುಡ್‌ನಲ್ಲಿ ಮರದ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರುತ್ತಾರೆ. ಮರ ತೇವ ಕುಡಿದಾಗ ಹಿಗ್ಗುವುದು ನಾರಿಗೆ ಅಡ್ಡವಾಗಿ, ನಾರಿನ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ ಪದರ ತಡೆಯುತ್ತದೆ. ಅದಕ್ಕೇ ಇದು ಗಟ್ಟಿಮರದ ಹಲಗೆಯಷ್ಟು ಸೊಟ್ಟಗಾಗುವುದಿಲ್ಲ. ಸ್ಕ್ರೂವನ್ನು ಎಲ್ಲಿ ಹಾಕಿದರೂ ಹಿಡಿದುಕೊಳ್ಳುತ್ತದೆ, ಇದು ವರ್ಕ್‌ಶಾಪ್‌ಗೆ ಎಲ್ಲಕ್ಕಿಂತ ದೊಡ್ಡ ಗುಣ. ಇವತ್ತು ಇಲ್ಲಿ ತೂಗುಹಾಕಿದ ಕ್ಲ್ಯಾಂಪು ಮುಂದಿನ ವರ್ಷ ಅಲ್ಲಿಗೆ ಹೋಗುತ್ತದೆ.

ಅಂಗಡಿಯಲ್ಲಿ ಎಂಆರ್, ಬಿಡಬ್ಲ್ಯುಆರ್, ಬಿಡಬ್ಲ್ಯುಪಿ ಅಂತ ಮೂರು ಹೆಸರು ಕೇಳುತ್ತೀರಿ. ಮೂರರ ವ್ಯತ್ಯಾಸ ಮುಖ್ಯವಾಗಿ ಅಂಟಿನದು. ಎಂಆರ್ ಅಂದರೆ ಗಾಳಿಯ ತೇವ ತಡೆಯುವಂಥದ್ದು, ನೀರನ್ನು ಅಲ್ಲ. ಬಿಡಬ್ಲ್ಯುಆರ್ ಅಂದರೆ ಕುದಿಯುವ ನೀರನ್ನು ತಕ್ಕಮಟ್ಟಿಗೆ ತಡೆಯುವಂಥದ್ದು, ಬಿಡಬ್ಲ್ಯುಪಿ ಅಂದರೆ ಅದಕ್ಕೂ ಜಗ್ಗದ್ದು. ಎಂಆರ್ ಮತ್ತು ಬಿಡಬ್ಲ್ಯುಆರ್ ಎರಡೂ ಐಎಸ್ 303 ಅನ್ನುವ ಭಾರತೀಯ ಮಾನದಂಡದ ಕೆಳಗೆ ಬರುತ್ತವೆ. ಬಿಡಬ್ಲ್ಯುಪಿಗೆ ಐಎಸ್ 710 ಅನ್ನುವ ಬೇರೆ ಮಾನದಂಡ, ಅದರ ತುಂಡನ್ನು 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು. ಬಯಲುಸೀಮೆಯ ಒಣ ಗೋಡೆಗೆ ಬಿಡಬ್ಲ್ಯುಆರ್ ಧಾರಾಳ ಸಾಕು. ಮಲೆನಾಡು, ಕರಾವಳಿಯಲ್ಲಿ ಬಿಡಬ್ಲ್ಯುಪಿಗೆ ಜಾಸ್ತಿ ದುಡ್ಡು ಕೊಡುವುದು ತಪ್ಪಲ್ಲ. ಶೀಟಿನ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರು ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸು ಯಾರದು, ಚಾಲ್ತಿಯಲ್ಲಿದೆಯಾ ಅಂತ ಅಂಗಡಿಯಲ್ಲಿ ನಿಂತೇ ನೋಡಬಹುದು. ಅಂಚನ್ನೂ ನೋಡಿ. ಪದರಗಳ ನಡುವೆ ತೂತು, ಸಂದು ಜಾಸ್ತಿ ಇದ್ದರೆ ಆ ಜಾಗದಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಎಂಡಿಎಫ್ ಮುಖ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ. ಆದರೆ ಮರದ ನಾರನ್ನು ಒತ್ತಿ ಮಾಡಿದ್ದು, ಅಂಚಿಗೆ ನೀರು ಹೋದರೆ ಊದುತ್ತದೆ, ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಪಾರ್ಟಿಕಲ್ ಬೋರ್ಡಂತೂ ಇನ್ನೂ ಬೇಗ. ಎಚ್‌ಡಿಎಚ್‌ಎಂಆರ್ (ಇನ್ನೂ ಬಿಗಿಯಾಗಿ ಒತ್ತಿದ, ತೇವ ತಡೆಯುವ ಬೋರ್ಡು) ಇವೆರಡಕ್ಕಿಂತ ಎಷ್ಟೋ ವಾಸಿ, ಆದರೆ ತೂಕ. 12 ಎಂಎಂ ಪ್ಲೈವುಡ್ ಶೀಟು 23 ಕೆಜಿ ಆಸುಪಾಸು ಬರುತ್ತದೆ, ಎಚ್‌ಡಿಎಚ್‌ಎಂಆರ್ 30 ಕೆಜಿ. ಒಬ್ಬರೇ ಎತ್ತಿ ಕೂರಿಸುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಜಿಪ್ಸಂ ಬೋರ್ಡು ಬೆಂಕಿಗೆ ಒಳ್ಳೆಯದು. ಜಿಪ್ಸಂನೊಳಗೆ ತೂಕದ ಐದನೇ ಒಂದು ಭಾಗದಷ್ಟು ನೀರು ಸೇರಿಕೊಂಡಿರುತ್ತದೆ, ಬೆಂಕಿ ತಾಗಿದಾಗ ಆ ನೀರು ಆವಿಯಾಗುತ್ತಾ ಬಿಸಿಯನ್ನು ತಡೆಹಿಡಿಯುತ್ತದೆ. ಅಮೆರಿಕದಲ್ಲಿ ಗ್ಯಾರೇಜಿಗೂ ಮನೆಗೂ ನಡುವಿನ ಗೋಡೆಗೆ ಇದನ್ನು ಕೇಳುವುದು ಅದಕ್ಕೇ, ಅವರದು ಮರದ ಗೋಡೆ. ನಮ್ಮ ಇಟ್ಟಿಗೆ ಗೋಡೆಗೆ ಬೆಂಕಿಯ ಆ ಭಯ ಇಲ್ಲ. ಮೇಲಾಗಿ ಜಿಪ್ಸಂ ಸ್ಕ್ರೂ ಹಿಡಿಯುವುದಿಲ್ಲ, ಒಂದು ಸುತ್ತಿಗೆ ತಾಗಿದರೆ ಕುಳಿ, ಅದರ ಕಾಗದದ ಮುಖ ಒರಲೆಗೂ ಊಟ.

ಪಿವಿಸಿ ಪ್ಯಾನೆಲ್ ನೀರಿಗೆ ಹೆದರುವುದಿಲ್ಲ, ಆದರೆ ಗ್ರೈಂಡರಿನ ಕಿಡಿ ಬಿದ್ದರೆ ಕರಗುತ್ತದೆ, ಸುಟ್ಟರೆ ವಿಷದ ಹೊಗೆ. ಕಾರು ನಿಲ್ಲಿಸುವುದಕ್ಕೆ ಮಾತ್ರ ಇರುವ ಶೆಡ್ಡಿಗೆ ಸರಿ, ಕೆಲಸ ಮಾಡುವ ಜಾಗಕ್ಕೆ ನಾನು ಬೇಡ ಅನ್ನುತ್ತೇನೆ.

ಸಿಮೆಂಟ್ ಫೈಬರ್ ಬೋರ್ಡಿಗೆ ಒಂದು ಮೂಲೆ ಖಂಡಿತ ಕೊಡಿ. ವೆಲ್ಡಿಂಗ್, ಗ್ರೈಂಡಿಂಗ್ ಮಾಡುವ ಕಡೆ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕುವ ಕಡೆ 8 ಎಂಎಂ ಬೋರ್ಡು ಹಾಕಿದರೆ ಬೆಂಕಿ ಹತ್ತುವುದಿಲ್ಲ, ಒರಲೆ ತಿನ್ನುವುದಿಲ್ಲ. ಕೊಳ್ಳುವಾಗ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇಲ್ಲದ್ದು ಅಂತ ಕೇಳಿಯೇ ತೆಗೆದುಕೊಳ್ಳಿ. ಒಣಗಿದ ಬೋರ್ಡನ್ನು ಗ್ರೈಂಡರಲ್ಲಿ ಕೊಯ್ಯಬೇಡಿ, ಆ ಧೂಳಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಚೂಪು ಬ್ಲೇಡಿನಿಂದ ಗೀರಿ ಮುರಿಯಿರಿ, ಎನ್95 ಮಾಸ್ಕ್ ಹಾಕಿಕೊಂಡು. ಶೆಡ್ಡಿನ ಮಾಡಿಗೆ ಹಳೆಯ ಸಿಮೆಂಟ್ ಶೀಟು ಇದ್ದರೆ ಅದನ್ನು ಉಜ್ಜುವುದು, ಕೊರೆಯುವುದು ಬೇಡವೇ ಬೇಡ.

ಈಗ ಬಣ್ಣದ ಕೆಲಸ. ಇದನ್ನು ಶೀಟು ಗೋಡೆಗೆ ಏರುವ ಮೊದಲೇ ಮಾಡಬೇಕು, ನೆಲದಲ್ಲಿ ಎರಡು ಸ್ಟೂಲಿನ ಮೇಲೆ ಮಲಗಿಸಿ. ಏರಿದ ಮೇಲೆ ಬೆನ್ನಿಗೆ ಬಣ್ಣ ಹೊಡೆಯಲು ಯಾರಿಂದ ಆಗುತ್ತದೆ?

ಬೆನ್ನಿಗೆ ಯಾಕೆ ಬಣ್ಣ ಅಂದರೆ, ಮರ ಸುತ್ತಲಿನ ಗಾಳಿಗೆ ತಕ್ಕಂತೆ ತೇವ ತೆಗೆದುಕೊಳ್ಳುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇ 30 ಇದ್ದಾಗ ಮರದಲ್ಲಿ ಶೇ 6ರಷ್ಟು ನೀರಿದ್ದರೆ, ಮಳೆಗಾಲದ ಶೇ 90ರ ಗಾಳಿಯಲ್ಲಿ ಅದು ಶೇ 20ರ ಹತ್ತಿರ ಹೋಗುತ್ತದೆ. ಶೇ 20 ದಾಟಿದರೆ ಶಿಲೀಂಧ್ರ ಮರವನ್ನು ಕೊಳೆಸುವ ಅಪಾಯ ಶುರುವಾಗುತ್ತದೆ. ಮುಖಕ್ಕೆ ಮೂರು ಕೋಟು ಹೊಡೆದು ಬೆನ್ನನ್ನು ಹಾಗೇ ಬಿಟ್ಟರೆ ಬೆನ್ನು ಮಾತ್ರ ಹಿಗ್ಗುತ್ತದೆ, ಶೀಟು ಬಿಲ್ಲಿನ ಹಾಗೆ ಬಾಗುತ್ತದೆ. ಒಂದು ಕಡೆ ಮಾತ್ರ ಸನ್‌ಮೈಕಾ ಅಂಟಿಸಿದ ಬಾಗಿಲು ಸೊಟ್ಟಗಾಗುವುದೂ ಇದೇ ಕಾರಣಕ್ಕೆ. ಬೆನ್ನಿಗೆ ಒಂದು ಕೋಟು ಪ್ರೈಮರ್, ಒಂದು ಕೋಟು ಬಣ್ಣ ಸಾಕು, ಉಳಿದ ಹಳೆ ಬಣ್ಣವಾದರೂ ಅಡ್ಡಿಯಿಲ್ಲ.

ಅಂಚಿಗೆ ಇನ್ನೂ ಜಾಸ್ತಿ ಬೇಕು. ಅಂಚಲ್ಲಿ ಮರದ ನಾರಿನ ಬಾಯಿ ತೆರೆದಿರುತ್ತದೆ, ಮೊದಲ ಕೋಟು ಪೂರ್ತಿ ಒಳಗೆ ಹೋಗಿ ಮಾಯ. ಎರಡನೆಯದೂ ಅರ್ಧ ಹೋಗುತ್ತದೆ. ಮೂರನೆಯದು ನಿಲ್ಲುತ್ತದೆ. ಸಂದಿದ್ದರೆ ಮರದ ಪುಟ್ಟಿ ತುಂಬಿ ಉಜ್ಜಿ. ತೂತು ಕೊರೆದ ಕಡೆ, ಸ್ವಿಚ್ ಬಾಕ್ಸಿಗೆ ಕತ್ತರಿಸಿದ ಕಡೆ, ಇವೂ ಅಂಚೇ, ಮರೆಯಬೇಡಿ.

ರೀಪಿಗೆ ನಾನು ಬಳಿದಿದ್ದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ, ಕರಾವಳಿಯಲ್ಲಿ ದೋಣಿಗೆ, ಮಾಡಿನ ಪಕಾಸಿಗೆ ಹಿಂದಿನಿಂದಲೂ ಹಚ್ಚುತ್ತಾರೆ. ಹುಳ ಹತ್ತಿರ ಬರುವುದಿಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಇದು ಆರುವುದು ನಿಧಾನ, ನೋಡಲೂ ಕಪ್ಪು, ಹಾಗಾಗಿ ಕಾಣದ ಜಾಗಕ್ಕೇ ಸರಿ.

ಮುಖಕ್ಕೆ ಮೊದಲು 120 ನಂಬರ್ ಉಜ್ಜು ಕಾಗದ, ಧೂಳು ಒರೆಸಿ ವುಡ್ ಪ್ರೈಮರ್, ಆಮೇಲೆ ಬೇಕಾದ ಕಡೆ ಮಾತ್ರ ಪುಟ್ಟಿ. ಗೋಡೆಗೆ ಹಚ್ಚುವ ಬಿಳಿ ಸಿಮೆಂಟ್ ಪುಟ್ಟಿ ಪ್ಲೈವುಡ್‌ಗೆ ಬೇಡ, ಮರ ಅಲುಗಾಡಿದಾಗ ಅದು ಚಕ್ಕೆಚಕ್ಕೆಯಾಗಿ ಏಳುತ್ತದೆ. 220ರಲ್ಲಿ ಮತ್ತೆ ಉಜ್ಜಿ ಎರಡು ತೆಳು ಕೋಟು ಎನಾಮಲ್. ಬಿಳಿ ಅಥವಾ ತೆಳು ಬೂದು ಬಣ್ಣ ಇರಲಿ, ಬೆಳಕು ಕೋಣೆ ತುಂಬುತ್ತದೆ, ನೆಲಕ್ಕೆ ಬಿದ್ದ ಸ್ಕ್ರೂ ಹುಡುಕುವುದು ಸುಲಭ. ಪೂರ್ತಿ ಹೊಳಪಿನದು (ಗ್ಲಾಸಿ) ಆದರೆ ಟ್ಯೂಬ್‌ಲೈಟು ಕಣ್ಣಿಗೆ ಹೊಡೆಯುತ್ತದೆ, ಪೂರ್ತಿ ಮ್ಯಾಟ್ ಆದರೆ ಗ್ರೀಸಿನ ಕೈ ಗುರುತು ಹೋಗುವುದಿಲ್ಲ. ನಡುವಿನ ಸ್ಯಾಟಿನ್ ಸರಿಯಾದದ್ದು. ಸಿಮೆಂಟ್ ಬೋರ್ಡಿಗೆ ಮಾತ್ರ ನೇರ ಎನಾಮಲ್ ಹೊಡೆಯಬೇಡಿ, ಅದರ ಕ್ಷಾರಕ್ಕೆ ಎಣ್ಣೆ ಬಣ್ಣ ಸಾಬೂನಿನ ಹಾಗೆ ಜಿಗುಟಾಗಿ ಕಿತ್ತು ಬರುತ್ತದೆ. ಅದಕ್ಕೆ ನೀರಿನ ಅಕ್ರಿಲಿಕ್ ಪ್ರೈಮರ್, ಎಮಲ್ಷನ್.

ಮರದ ಗೆರೆ ಕಾಣಬೇಕು ಅನ್ನುವವರು ಒಂದೇ ಡಬ್ಬಿಯ ನೀರಿನ ಪಿಯು (ಪಾಲಿಯುರೆಥೇನ್ ವಾರ್ನಿಶ್) ಹಚ್ಚಿ, ಬ್ರಷ್ಷಿನಲ್ಲಿ ಮೂರು ಕೋಟು. ಎರಡು ಡಬ್ಬಿ ಬೆರೆಸಿ ಸ್ಪ್ರೇ ಮಾಡುವ ಪಿಯು ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಅಸ್ತಮಾ ತರಿಸಬಲ್ಲದು. ಮನೆಯ ಶೆಡ್ಡಲ್ಲಿ, ಬಟ್ಟೆ ಮಾಸ್ಕ್ ಕಟ್ಟಿಕೊಂಡು ಮಾಡುವ ಕೆಲಸ ಅದಲ್ಲ. ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಉಂಡೆಯೊಳಗೆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತಿಕೊಂಡ ಉದಾಹರಣೆಗಳಿವೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಕಾಲ ಮುಖ್ಯ. ದೀಪಾವಳಿ ಕಳೆದ ಮೇಲಿಂದ ಯುಗಾದಿವರೆಗೆ ಬಣ್ಣದ ಕೆಲಸಕ್ಕೆ ಹೇಳಿಮಾಡಿಸಿದ ಹೊತ್ತು. ಮಳೆಗಾಲದಲ್ಲಿ ಎನಾಮಲ್ ದಿನಗಟ್ಟಲೆ ಅಂಟುತ್ತಲೇ ಇರುತ್ತದೆ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಹೊಡೆದರೆ ಥಿನ್ನರ್ ಆರುವ ತಂಪಿಗೆ ಗಾಳಿಯ ನೀರು ಅದರ ಮೇಲೇ ಕೂತು ಬೆಳ್ಳಗೆ ಹಾಲಿನ ಪೊರೆ ಕಟ್ಟುತ್ತದೆ.

ಕೂರಿಸುವಾಗ ಶೀಟು ಶೀಟಿನ ನಡುವೆ 3 ಎಂಎಂ ಸಂದು ಬಿಡಿ, ಹಿಗ್ಗಲು ಜಾಗ ಬೇಕು. ಸ್ಕ್ರೂ ತುಕ್ಕು ಹಿಡಿಯದ ಸ್ಟೀಲಿನದಾಗಿರಲಿ. ರೀಪು ಎಲ್ಲಿದೆ ಅಂತ ಶೀಟಿನ ಮೇಲಂಚಲ್ಲಿ ಪೆನ್ಸಿಲ್ ಗುರುತು ಮಾಡಿ, ವೈಸ್, ದೊಡ್ಡ ಕ್ಲ್ಯಾಂಪಿನಂಥ ಭಾರದ ಸಾಮಾನು ಆ ಗೆರೆಯ ಮೇಲೇ ಬರಲಿ. ವೈರು, ಪ್ಲಗ್ ಪಾಯಿಂಟು ಶೀಟಿನ ಹೊರಗೆ ಪೈಪಿನಲ್ಲಿ ಬರಲಿ, ಯಾವ ಜೋಡಣೆಯೂ ಶೀಟಿನ ಹಿಂದೆ ಮುಚ್ಚಿಹೋಗಬಾರದು. ಎಲ್ಲ ಗೋಡೆಗೂ ಶೀಟು ಬೇಕಂತಲೂ ಇಲ್ಲ. ಬೆಂಚಿನ ಹಿಂದಿನ ಒಂದು ಗೋಡೆ ಸಾಕು, ಉಳಿದದ್ದಕ್ಕೆ ಬಿಳಿ ಬಣ್ಣ ಹೊಡೆಯಿರಿ.

ಶೀಟನ್ನು ರೀಪಿಗೆ ಅಂಟು ಹಾಕಿ ಕೂರಿಸಲೇಬೇಡಿ, ಬರಿ ಸ್ಕ್ರೂ ಇರಲಿ, ಬೇಕೆಂದಾಗ ಬಿಚ್ಚಬಹುದು. ಆಶ್ಲೇಷಾ ಮಳೆ ಹೊತ್ತಿಗೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ನಾನು ಪ್ರತಿ ವರ್ಷ ಬಾಗಿಲ ಪಕ್ಕದ ಒಂದು ಶೀಟನ್ನು ಬಿಚ್ಚಿ ಬೆನ್ನಿಗೆ ಟಾರ್ಚು ಹಿಡಿಯುತ್ತೇನೆ. ಅರ್ಧ ಗಂಟೆಯ ಕೆಲಸ. ಕಳೆದ ಸಲ ಜೇಡದ ಬಲೆ ಇತ್ತು, ಸ್ವಲ್ಪ ಮರದ ಪುಡಿ ಇತ್ತು, ಕೈಯಿಟ್ಟು ನೋಡಿದರೆ ಶೀಟು ಒಣಗಿಕೊಂಡೇ ಇತ್ತು.